ಡಾಕ್ಟರ ನಡತೆ ಬಗ್ಗೆ ಪ್ರಶ್ನೆ ಎದ್ದಾಗ: ಎಲ್ಲಿಂದ ಶುರು ಮಾಡಬೇಕು, ಯಾವ ಬಾಗಿಲು ತಟ್ಟಬೇಕು

ನಮ್ಮ ದೊಡ್ಡಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂರು ದಿನಕ್ಕೆ ಮನೆಗೆ ಕಳಿಸುತ್ತೇವೆ ಅಂದವರು ಹನ್ನೊಂದು ದಿನ ಇಟ್ಟುಕೊಂಡರು. ನಡುವೆ ಎರಡನೇ ಸಲ ಥಿಯೇಟರಿಗೆ ಕರೆದುಕೊಂಡು ಹೋದರು. ಯಾಕೆ ಅಂತ ಕೇಳಿದರೆ "ಸ್ವಲ್ಪ ತೊಂದರೆ ಇತ್ತು, ಈಗ ಸರಿ ಹೋಗಿದೆ" ಅನ್ನುವ ಒಂದೇ ಮಾತು. ಬಿಲ್ಲು ಮೊದಲು ಹೇಳಿದ್ದಕ್ಕಿಂತ ಎರಡು ಪಟ್ಟು ದಾಟಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಪೊಲೀಸರಿಗೆ ಹೇಳೋಣ ಅಂತ ಒಬ್ಬರು. ಪೇಪರಿನವರನ್ನು ಕರೆಸೋಣ ಅಂತ ಇನ್ನೊಬ್ಬರು. ನಮ್ಮಣ್ಣ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಜೋರು ಮಾಡುವ ಹುಮ್ಮಸ್ಸಿನಲ್ಲಿದ್ದ. ಡಿಸ್ಚಾರ್ಜ್ ದಿನ ನಾನು ಕೌಂಟರಿಗೆ ಹೋಗಿ ಕೇಸ್ ಶೀಟಿನ ಪ್ರತಿ ಕೇಳಿದೆ. ಅಲ್ಲಿದ್ದ ಹುಡುಗ "ಅದೆಲ್ಲ ಹೊರಗೆ ಕೊಡಲ್ಲ ಸರ್, ಡಿಸ್ಚಾರ್ಜ್ ಸಮರಿ ಇದೆಯಲ್ಲ, ಸಾಕು" ಅಂದ. ಪಕ್ಕದ ಅಂಗಡಿಯಿಂದ ಒಂದು ಬಿಳಿ ಹಾಳೆ ತಂದು, ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಎಂಟು ಸಾಲು. ದೊಡ್ಡಮ್ಮನ ಸಹಿ ಹಾಕಿಸಿದೆ. ಜೆರಾಕ್ಸ್ ಮಾಡಿಸಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡೆ. ಮೂರನೇ ದಿನ ತೊಂಬತ್ತೆರಡು ಪುಟದ ಪ್ರತಿ ಕೈಗೆ ಬಂತು.

ಆ ಎಂಟು ಸಾಲಿಗೆ ಅಷ್ಟು ಬಲ ಹೇಗೆ ಬಂತು? ಅದರ ಹಿಂದೆ 2002ರ ಒಂದು ನಿಯಮಾವಳಿ ಇತ್ತು. ವೈದ್ಯರ ನಡತೆಗೆ ನಮ್ಮಲ್ಲಿ ನಿಯಮಗಳು ಕಡಿಮೆ ಇಲ್ಲ. ಆದರೆ ಅವು ಕಪಾಟಿನಲ್ಲಿ ಮಲಗಿರುತ್ತವೆ. ರೋಗಿಯ ಕಡೆಯವರು ಸಮಾಧಾನವಾಗಿ, ಬರವಣಿಗೆಯಲ್ಲಿ ಕೇಳಿದಾಗ ಎದ್ದು ಬರುತ್ತವೆ. ಹಾಗೆ ಕೇಳುವುದು ಹೇಗೆ, ಯಾವಾಗ, ಯಾರನ್ನು ಅನ್ನುವುದನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಕರ್ನಾಟಕದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೆ ಕಚೇರಿಗಳ ಹೆಸರು ಬದಲಾಗಬಹುದು, ಕೇಂದ್ರದ ನಿಯಮಗಳು ಇವೇ.

ಹೆಜ್ಜೆ 1: ಒಳಗೆ ಹೋಗುವ ಮೊದಲು ಬೋರ್ಡು ನೋಡಿ

ಅಲೋಪಥಿ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಹಾಕಿರಬೇಕು. ಚೀಟಿ, ಸರ್ಟಿಫಿಕೇಟ್, ಹಣದ ರಸೀದಿ, ಎಲ್ಲದರ ಮೇಲೂ ಅದು ಇರಬೇಕು. ಇದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮಾವಳಿಯಲ್ಲೇ ಇದೆ. ಆ ಪರಿಷತ್ತು ಈಗ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ 2023ರ ಆಗಸ್ಟ್ 2ರಂದು ಹೊಸ ನಡತೆ ನಿಯಮಗಳನ್ನು ಹೊರಡಿಸಿತು. ವೈದ್ಯರ ಸಂಘಟನೆಗಳಿಂದ ವಿರೋಧ ಬಂತು, ಅದೇ ತಿಂಗಳ 23ರಂದು ಅವನ್ನು ತಡೆಹಿಡಿದು ಹಳೆಯ 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ಹಾಗಾಗಿ "ಆ ನಿಯಮ ಹಳೇದು, ಈಗ ನಡೆಯಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನೋಂದಣಿ ಸಂಖ್ಯೆ ಸಿಕ್ಕರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಎರಡು ನಿಮಿಷದ ಕೆಲಸ.

ಆಸ್ಪತ್ರೆಗೆ ಬೇರೆಯೇ ನೋಂದಣಿ ಇದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ಎಲ್ಲವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು. ಎಲ್ಲರ ಬಾಯಲ್ಲಿ ಇದು ಕೆಪಿಎಂಇ. ಆ ನಂಬರೂ ಬೋರ್ಡಿನ ಮೇಲೆ ಇರಬೇಕು.

ಎರಡೂ ನಂಬರು ಕಾಣದಿದ್ದರೆ ಮರ್ಯಾದೆಯಿಂದ ಕೇಳಿ. ಸರಿಯಾಗಿ ನೋಂದಣಿ ಇರುವವರಿಗೆ ಈ ಪ್ರಶ್ನೆ ಭಾರ ಅನ್ನಿಸುವುದಿಲ್ಲ. ಹಳ್ಳಿಗಳಲ್ಲಿ ಇದನ್ನು ಇನ್ನೂ ಜಾಸ್ತಿ ನೋಡಬೇಕು. ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ 2019ರ ಆಯೋಗದ ಕಾಯ್ದೆಯ 34ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಅಂಥವರ ಬಗ್ಗೆ ತಿಳಿಸಬೇಕಾದ್ದು ಜಿಲ್ಲಾ ಆರೋಗ್ಯಾಧಿಕಾರಿಗೆ, ಅಂದರೆ ಡಿಎಚ್‌ಒಗೆ.

ಹೆಜ್ಜೆ 2: ಸಹಿ ಹಾಕುವ ಮೊದಲು ಆರು ಪ್ರಶ್ನೆ

ಆಪರೇಷನ್ ಅಂದ ಕೂಡಲೇ ನರ್ಸ್ ಒಂದು ಫಾರಂ ತರುತ್ತಾರೆ. "ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ" ಅಂತ ಬೆರಳು ಇಡುತ್ತಾರೆ. ನಾವು ಹಾಕಿಬಿಡುತ್ತೇವೆ. ಆ ಹೊತ್ತಿನಲ್ಲಿ ಕೈ ನಡುಗುತ್ತಿರುತ್ತದೆ, ಯಾರು ಓದುತ್ತಾರೆ? ಆದರೆ ಕಾನೂನು ಅತಿ ಹೆಚ್ಚು ಯೋಚಿಸಿರುವುದು ಇದೇ ಕ್ಷಣದ ಬಗ್ಗೆ.

1995ರಲ್ಲಿ ದಿಲ್ಲಿಯಲ್ಲಿ 44 ವರ್ಷದ ಒಬ್ಬ ಮಹಿಳೆ ಒಂದು ಕ್ಲಿನಿಕ್ಕಿಗೆ ಹೋದರು. ಏನು ತೊಂದರೆ ಅಂತ ಒಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ ಅರಿವಳಿಕೆ ಕೊಟ್ಟರು. ಅವರು ಮಂಪರಿನಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರ ಜನವರಿ 16ರಂದು ತೀರ್ಪು ಬಂತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಆಗುವುದಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕು. ಬುದ್ಧಿ ಸರಿ ಇರುವ ದೊಡ್ಡವರ ಪರವಾಗಿ ತಾಯಿ ಕೂಡ ಒಪ್ಪಿಗೆ ಕೊಡಲಾಗದು. ಆಪರೇಷನ್ ವೈದ್ಯಕೀಯವಾಗಿ ಸರಿ ಇತ್ತೋ ಇಲ್ಲವೋ ಅನ್ನುವುದಕ್ಕಿಂತ, ಕೇಳಿದರೋ ಇಲ್ಲವೋ ಅನ್ನುವುದೇ ಅಲ್ಲಿ ಮುಖ್ಯವಾಯಿತು.

ಒಪ್ಪಿಗೆ ಪಡೆಯುವ ಮೊದಲು ವೈದ್ಯರು ಏನೇನು ಹೇಳಬೇಕು ಅಂತಲೂ ಆ ತೀರ್ಪಿನಲ್ಲಿದೆ. ಅದನ್ನೇ ಮನೆಮಾತಿನ ಪ್ರಶ್ನೆ ಮಾಡಿಕೊಳ್ಳಿ. ಏನು ಮಾಡುತ್ತೀರಿ? ಯಾಕೆ ಮಾಡುತ್ತೀರಿ? ಅದರಿಂದ ಏನು ಪ್ರಯೋಜನ? ಬೇರೆ ದಾರಿ ಇದೆಯಾ? ದೊಡ್ಡ ಅಪಾಯ ಏನಿದೆ? ಬೇಡ ಅಂದರೆ ಏನಾಗುತ್ತದೆ? ಈ ಆರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ಕನ್ನಡದಲ್ಲೇ ಕೇಳಿ. ಫಾರಂ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಲು ಹೇಳಿ. ಖಾಲಿ ಬಿಟ್ಟ ಜಾಗದ ಕೆಳಗೆ ಸಹಿ ಬೇಡ. ಸಹಿ ಪಕ್ಕದಲ್ಲಿ ತಾರೀಖು, ಸಮಯ ನೀವೇ ಬರೆಯಿರಿ.

ಅಪಘಾತ, ಹೃದಯಾಘಾತದಂಥ ತುರ್ತು ಬೇರೆ ಮಾತು. ಅಲ್ಲಿ ಮೊದಲು ಜೀವ ಉಳಿಸುವ ಕೆಲಸ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಪೊಲೀಸ್ ಕಾಗದಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೆಜ್ಜೆ 3: ದುಡ್ಡಿನ ಮಾತು ಮೊದಲೇ ಆಡಿ

ಡಾಕ್ಟರ ಹತ್ತಿರ ದುಡ್ಡಿನ ಮಾತು ಹೇಗಪ್ಪಾ ಅನ್ನುವ ಸಂಕೋಚ ನಮಗಿದೆ. ನಿಯಮಾವಳಿಗೆ ಆ ಸಂಕೋಚ ಇಲ್ಲ. ವೈದ್ಯರು ತಮ್ಮ ಫೀಸನ್ನು ಚಿಕಿತ್ಸೆಗೆ ಮೊದಲೇ ಹೇಳಬೇಕು, ಆಪರೇಷನ್ ನಡೆಯುತ್ತಿರುವಾಗಲೋ ಮುಗಿದ ಮೇಲೋ ಅಲ್ಲ ಅಂತ ಅದರಲ್ಲಿ ಇದೆ. ಅಂದಾಜು ಖರ್ಚನ್ನು ಆಸ್ಪತ್ರೆಯ ಹಾಳೆಯಲ್ಲಿ ಬರೆಸಿಕೊಳ್ಳಿ. ಕೊನೆಯಲ್ಲಿ ಒಟ್ಟು ಮೊತ್ತದ ಬಿಲ್ ಸಾಲದು, ಒಂದೊಂದರ ಲೆಕ್ಕ ಇರುವ ಬಿಲ್ ಕೇಳಿ.

ಇನ್ನೊಂದು ವಿಷಯ. "ಈ ಲ್ಯಾಬಿಗೇ ಹೋಗಿ, ಈ ಅಂಗಡಿಯಲ್ಲೇ ತಗೊಳ್ಳಿ" ಅಂತ ಒತ್ತಾಯ ಬಂದರೆ ಯಾಕೆ ಅಂತ ಕೇಳಬಹುದು. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಹೋಟೆಲ್ ಖರ್ಚು ಪಡೆಯಬಾರದು ಅಂತ 2009ರ ಡಿಸೆಂಬರ್‌ನಲ್ಲಿ ನಿಯಮ ಸೇರಿಸಿದರು. ಅಲ್ಲಿಗೆ ಒಂದು ತೊಡಕಿತ್ತು. ನಿಯಮ ಹಿಡಿಯುವುದು ವೈದ್ಯರನ್ನು ಮಾತ್ರ, ಕೊಡುವ ಕಂಪನಿ ಆರಾಮಾಗಿತ್ತು. ಅಷ್ಟೇ ಅಲ್ಲ, ಆ ಖರ್ಚನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುತ್ತಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಪಡೆಯುವುದೇ ಕಾನೂನಿಗೆ ವಿರುದ್ಧವಾದ ಮೇಲೆ, ಕೊಟ್ಟಿದ್ದಕ್ಕೆ ತೆರಿಗೆ ವಿನಾಯಿತಿ ಎಲ್ಲಿಂದ ಬರುತ್ತದೆ? ಒಬ್ಬರ ನಡತೆ ತಿದ್ದಬೇಕಾದರೆ ಅವರನ್ನು ಸುತ್ತುವರಿದ ದುಡ್ಡಿನ ದಾರಿಯನ್ನೂ ಮುಚ್ಚಬೇಕು. ಈ ತೀರ್ಪು ನನಗೆ ಬಹಳ ಮುಖ್ಯ ಅನ್ನಿಸುವುದು ಅದಕ್ಕೇ.

ಔಷಧದ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಮೂಲ ಹೆಸರನ್ನು, ಓದಲು ಬರುವ ಹಾಗೆ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ 2016ರ ತಿದ್ದುಪಡಿ ಹೇಳುತ್ತದೆ. ಜನೌಷಧಿ ಅಂಗಡಿಗೆ ಹೋಗುವವರಿಗೆ ಇದರ ಬೆಲೆ ಗೊತ್ತು.

ಹೆಜ್ಜೆ 4: ದಾಖಲೆ ಕೈಗೆ ಬರಲಿ, ಆಮೇಲೆ ಉಳಿದದ್ದು

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ರೋಗಿ, ರೋಗಿ ಅಧಿಕಾರ ಕೊಟ್ಟವರು ಅಥವಾ ಕಾನೂನಿನ ಅಧಿಕಾರಿಗಳು ಕೇಳಿದರೆ ಅರ್ಜಿ ಬಂದಿದೆ ಅಂತ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ಪ್ರತಿ ಕೊಡಬೇಕು. ಇದು ನಿಯಮಾವಳಿಯ 1.3ನೇ ಭಾಗ. ಕೊಡದಿದ್ದರೆ ಅದೇ ಒಂದು ವೃತ್ತಿ ದುರ್ನಡತೆ ಅಂತ 7.2ರಲ್ಲಿ ಇದೆ. ಇದರ ಅರ್ಥ ಗಮನಿಸಿ. ಚಿಕಿತ್ಸೆಯಲ್ಲಿ ತಪ್ಪಾಗಿದೆ ಅಂತ ತೋರಿಸುವುದು ಕಷ್ಟ, ಅದಕ್ಕೆ ಪರಿಣತರು ಬೇಕು. ಆದರೆ ಕಾಗದ ಕೇಳಿದೆವು, ಕೊಡಲಿಲ್ಲ ಅಂತ ತೋರಿಸುವುದಕ್ಕೆ ಸೀಲು ಬಿದ್ದ ಒಂದು ಪ್ರತಿ ಸಾಕು.

ನಾನು ಬರೆದ ಅರ್ಜಿ ಹೆಚ್ಚುಕಮ್ಮಿ ಹೀಗಿತ್ತು. ಹೆಸರು, ತಾರೀಖು ಬದಲಾಯಿಸಿ ಬಳಸಿಕೊಳ್ಳಿ.

"ವೈದ್ಯಕೀಯ ಅಧೀಕ್ಷಕರಿಗೆ. ವಿಷಯ: ಒಳರೋಗಿ ದಾಖಲೆಗಳ ಪ್ರತಿ ಕೋರಿ. ಮಾನ್ಯರೇ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾನು ನಿಮ್ಮಲ್ಲಿ ಒಳರೋಗಿಯಾಗಿದ್ದೆ. ನನ್ನ ಐ.ಪಿ. ನಂಬರ್ ಇಷ್ಟು. ನನ್ನ ಪೂರ್ತಿ ಕೇಸ್ ಶೀಟ್, ಆಪರೇಷನ್ ನೋಟ್ಸ್, ಅರಿವಳಿಕೆ ನೋಟ್ಸ್, ನರ್ಸ್‌ಗಳ ಚಾರ್ಟ್, ಒಪ್ಪಿಗೆ ಪತ್ರಗಳು, ಲ್ಯಾಬ್ ಮತ್ತು ಸ್ಕ್ಯಾನ್ ವರದಿಗಳು, ವಿವರವಾದ ಬಿಲ್, ಇವುಗಳ ಪ್ರತಿ ಬೇಕಾಗಿದೆ. 2002ರ ವೃತ್ತಿ ನಡತೆ ನಿಯಮಾವಳಿಯ 1.3.2ರಂತೆ 72 ಗಂಟೆಯೊಳಗೆ ಕೊಡಬೇಕಾಗಿ ವಿನಂತಿ. ಜೆರಾಕ್ಸ್ ಖರ್ಚು ಕೊಡುತ್ತೇನೆ."

ಬೈಗುಳ ಬೇಡ, ಬೆದರಿಕೆ ಬೇಡ, ಅನುಮಾನದ ಮಾತೂ ಬೇಡ. ರೋಗಿಯೇ ಸಹಿ ಹಾಕಬೇಕು. ಆಗದಿದ್ದರೆ ನಿಮಗೆ ಅಧಿಕಾರ ಕೊಟ್ಟಿದ್ದಾರೆ ಅಂತ ಒಂದು ಪತ್ರ ಜೊತೆಗಿಡಿ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧ ತೋರಿಸುವ ದಾಖಲೆ ಇಡಿ. ಕೌಂಟರಿನಲ್ಲಿ ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ತಲುಪಿದ ವಿವರ ಪ್ರಿಂಟ್ ತೆಗೆದಿಡಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಅರ್ಜಿಯ ದಾರಿಯೂ ಇದೆ.

ಹೆಜ್ಜೆ 5: ಗೊತ್ತಿರುವ ಒಬ್ಬ ವೈದ್ಯರ ಹತ್ತಿರ ಓದಿಸಿ

ತೊಂಬತ್ತೆರಡು ಪುಟ ನನಗೆ ಅರ್ಥವಾಗಲಿಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಸರ್ಜನ್ ಒಬ್ಬರಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಅವರ ಮನೆ ಜಗಲಿಯಲ್ಲಿ ಕೂತೆವು. ಅವರು ಕನ್ನಡಕ ಏರಿಸಿಕೊಂಡು ಪುಟ ಪುಟವಾಗಿ ಓದಿದರು. ಎರಡು ಕಡೆ ಪೆನ್ಸಿಲ್ ಗುರುತು ಹಾಕಿದರು. ಮುಕ್ಕಾಲು ಗಂಟೆ ಆದ ಮೇಲೆ ಹೇಳಿದರು: "ಪಿತ್ತರಸ ಸೋರಿದೆ. ಈ ಆಪರೇಷನ್ನಿನಲ್ಲಿ ಹಾಗಾಗೋದುಂಟು. ಬೇಗ ಗುರುತು ಹಿಡಿದು ಸರಿ ಮಾಡಿದ್ದಾರೆ. ಕೆಲಸ ಚೆನ್ನಾಗೇ ಮಾಡಿದ್ದಾರೆ ಕಣಪ್ಪ, ಹೇಳೋದನ್ನ ಮಾಡಿಲ್ಲ."

ಆಮೇಲೆ ಎರಡನೇ ಒಪ್ಪಿಗೆ ಪತ್ರದ ಮೇಲೆ ಬೆರಳಿಟ್ಟರು. ದೊಡ್ಡಮ್ಮ ಆ ಹೊತ್ತಿಗೆ ಪೂರ್ತಿ ಎಚ್ಚರವಾಗಿದ್ದರು, ಕಾಫಿ ಕೇಳಿದ್ದರು. ಆದರೂ ಸಹಿ ಇದ್ದದ್ದು ದೊಡ್ಡಪ್ಪನದು. "ಅಪಾಯಗಳು" ಅನ್ನುವ ಸಾಲಿನ ಮುಂದೆ ಖಾಲಿ. "ಪರ್ಯಾಯ" ಅನ್ನುವ ಸಾಲಿನ ಮುಂದೆ ಖಾಲಿ. ಕೆಳಗೆ ಮಾತ್ರ ಸೀಲು ಚೆನ್ನಾಗಿ ಬಿದ್ದಿತ್ತು.

ಹಾಗಾಗಿ ನಾವು ಎಲ್ಲೂ ದೂರು ಕೊಡಲಿಲ್ಲ. ಆಸ್ಪತ್ರೆಗೇ ಒಂದು ಪತ್ರ ಬರೆದೆವು. ಏನಾಯಿತು ಅಂತ ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿ, ಬಿಲ್ಲಿನ ಒಂದೊಂದು ಲೆಕ್ಕ ಕೊಡಿ ಅಂತ ಎರಡೇ ಬೇಡಿಕೆ. ಸರ್ಜನ್ ಕರೆಸಿಕೊಂಡರು. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಬಿಲ್ಲಿನಲ್ಲಿ ಒಂದೇ ಸ್ಕ್ಯಾನ್ ಎರಡು ಸಲ ಬಂದಿತ್ತು, ಆ ದುಡ್ಡು ವಾಪಸ್ ಬಂತು.

ಫಲ ಕೆಟ್ಟದಾಯಿತು ಅಂದ ಮಾತ್ರಕ್ಕೆ ತಪ್ಪು ನಡೆದಿದೆ ಅಂತಲ್ಲ. 2005ರ ಆಗಸ್ಟ್ 5ರ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅದೇ ವಿದ್ಯೆಯ ಸಾಮಾನ್ಯ ವೈದ್ಯರೊಬ್ಬರು ವಹಿಸುವಷ್ಟು ಎಚ್ಚರ ವಹಿಸಿದ್ದಾರಾ ಅನ್ನುವುದೇ ಅಳತೆಗೋಲು. ಹೆಜ್ಜೆ 5 ಬಿಟ್ಟು ಮುಂದೆ ಹೋದರೆ ಒಳ್ಳೆಯ ವೈದ್ಯರೊಬ್ಬರನ್ನು ವರ್ಷಗಟ್ಟಲೆ ಕಚೇರಿ ಅಲೆಸಿದ ಪಾಪ ನಮಗೆ ಬರುತ್ತದೆ. ನಿಜವಾದ ತಪ್ಪು ಇದ್ದರೆ, ಓದಿಸಿದ್ದರಿಂದ ನಿಮ್ಮ ದೂರು ಗಟ್ಟಿಯಾಗುತ್ತದೆ.

ಹೆಜ್ಜೆ 6: ಯಾವ ಬಾಗಿಲು?

ಜನ ಸೋಲುವುದು ಇಲ್ಲಿ. ಪರಿಹಾರ ಬೇಕಾದವರು ಪರಿಷತ್ತಿಗೆ ಹೋಗುತ್ತಾರೆ, ವೈದ್ಯರ ಮೇಲೆ ಕ್ರಮ ಬೇಕಾದವರು ಗ್ರಾಹಕ ಆಯೋಗಕ್ಕೆ ಹೋಗುತ್ತಾರೆ. ಎರಡು ವರ್ಷ ಅಲೆದ ಮೇಲೆ "ಇದು ನಮ್ಮ ಕೈಯಲ್ಲಿಲ್ಲ" ಅನ್ನುವ ಉತ್ತರ ಬರುತ್ತದೆ. ಮೊದಲು ನಿಮಗೆ ಏನು ಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ವೈದ್ಯರ ನಡತೆ ಸರಿಯಿಲ್ಲ, ಅವರ ಮೇಲೆ ಕ್ರಮ ಆಗಬೇಕು ಅಂದರೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು. ಇದು ಎಚ್ಚರಿಕೆ ಕೊಡಬಹುದು, ನೋಂದಣಿ ಪಟ್ಟಿಯಿಂದ ಹೆಸರನ್ನು ಕೆಲವು ಕಾಲ ಅಥವಾ ಶಾಶ್ವತವಾಗಿ ತೆಗೆಯಬಹುದು. ಹೆಸರು ತೆಗೆದಿರುವಷ್ಟು ದಿನ ಅವರು ವೃತ್ತಿ ಮಾಡುವಂತಿಲ್ಲ. ಆದರೆ ಪರಿಷತ್ತು ನಿಮಗೆ ಒಂದು ರೂಪಾಯಿ ಪರಿಹಾರ ಕೊಡಿಸಲಾರದು. ಅದರ ಕೈ ಇರುವುದು ಅಲೋಪಥಿ ವೈದ್ಯರ ಮೇಲೆ ಮಾತ್ರ. ದಂತವೈದ್ಯರು, ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್, ಇವಕ್ಕೆಲ್ಲ ಬೇರೆ ಬೇರೆ ಪರಿಷತ್ತು, ಮಂಡಳಿಗಳಿವೆ.

ಆಸ್ಪತ್ರೆಯ ಬಗ್ಗೆ ದೂರು ಇದ್ದರೆ, ಅಂದರೆ ನೋಂದಣಿ ಇಲ್ಲ, ದರಪಟ್ಟಿ ಇಲ್ಲ, ತುರ್ತಿನಲ್ಲಿ ವಾಪಸ್ ಕಳಿಸಿದರು, ಬಾಕಿ ಕಟ್ಟಿಲ್ಲ ಅಂತ ಶವ ಕೊಡಲಿಲ್ಲ, ಇಂಥವಕ್ಕೆ ಕೆಪಿಎಂಇ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಅರ್ಜಿಯನ್ನು ಡಿಎಚ್‌ಒ ಕಚೇರಿಯಲ್ಲಿ ಕೊಡಿ. 2017ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಆ ತಿದ್ದುಪಡಿಯಿಂದಲೇ ರೋಗಿಗಳ ಹಕ್ಕುಗಳ ಸನ್ನದು ಕಾಯ್ದೆಯ ಒಳಗೆ ಬಂತು.

ನಷ್ಟಕ್ಕೆ ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಸೇವೆಯೇ ಅಂತ 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಚಿಕಿತ್ಸೆ ಇದರಲ್ಲಿ ಬರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ದೊಡ್ಡ ಅನುಕೂಲ ಆಗಿದೆ. ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕಟ್ಟಿದ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಆದರೆ ಎರಡು ವರ್ಷದ ಗಡುವಿದೆ. ಗಾಯ ಆರಲಿ, ಮನಸ್ಸು ತಿಳಿಯಾಗಲಿ ಅಂತ ಕಾಯುತ್ತಾ ಕೂತರೆ ಅದು ದಾಟಿಹೋಗುತ್ತದೆ. ಏನಾದರೂ ಗೊಂದಲ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಪೊಲೀಸ್ ಠಾಣೆ ಕೊನೆಯ ಬಾಗಿಲು. ಸಾವು ಸಂಭವಿಸಿ, ನಿರ್ಲಕ್ಷ್ಯ ಕಣ್ಣಿಗೆ ರಾಚುವಷ್ಟು ಇದ್ದಾಗ ಮಾತ್ರ ಇದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ. ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಪೊಲೀಸರು ಮೊದಲು ಸರ್ಕಾರಿ ವೈದ್ಯರಂಥ ಸ್ವತಂತ್ರ ಪರಿಣತರ ಅಭಿಪ್ರಾಯ ಪಡೆಯಬೇಕು. ದೂರು ಬಂದ ಕೂಡಲೇ ಬಂಧಿಸುವ ಹಾಗಿಲ್ಲ.

ಕೈ ಮಾಡುವುದಂತೂ ಬೇಡವೇ ಬೇಡ. ವೈದ್ಯ ಸಿಬ್ಬಂದಿಯ ಮೇಲೆ ಹಲ್ಲೆ, ಆಸ್ಪತ್ರೆಯ ಆಸ್ತಿ ನಾಶ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಇಪ್ಪತ್ತೈದು ವರ್ಷದ ಡ್ಯೂಟಿ ಡಾಕ್ಟರ ಮೇಲೆ ಹತ್ತು ಜನ ಮುಗಿಬಿದ್ದರೆ, ಮರುದಿನದಿಂದ ಆ ಆಸ್ಪತ್ರೆ ಕಷ್ಟದ ಕೇಸನ್ನು ಮುಟ್ಟಲು ಹೆದರುತ್ತದೆ. ನಷ್ಟ ಆಗುವುದು ಅದೇ ಊರಿನ ಮುಂದಿನ ರೋಗಿಗೆ. ನಮ್ಮಣ್ಣನಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ಇಡೀ ರಾತ್ರಿ ಹಿಡಿಯಿತು.

ಹೆಜ್ಜೆ 7: ದೂರು ಬರೆಯುವ ರೀತಿ

ತಾರೀಖಿನ ಪ್ರಕಾರ ಬರೆಯಿರಿ. ಒಂದು ದಿನಕ್ಕೆ ಒಂದು ಸಣ್ಣ ಪ್ಯಾರಾ. ಯಾರು, ಯಾವಾಗ, ಏನು ಹೇಳಿದರು, ಏನು ಮಾಡಿದರು. "ಹಣದಾಸೆಗೆ ಬಲಿಯಾದರು" ಅಂತೆಲ್ಲ ಬೇಡ. ಪ್ರತಿ ಮಾತಿಗೂ ಯಾವ ಕಾಗದ ಆಧಾರ ಅಂತ ಪಕ್ಕದಲ್ಲಿ ಪುಟ ಸಂಖ್ಯೆ ಹಾಕಿ. ಯಾವ ನಿಯಮ ಮುರಿದಿದ್ದಾರೆ ಅಂತ ಗೊತ್ತಿದ್ದರೆ ಅದರ ಸಂಖ್ಯೆ ಬರೆಯಿರಿ. ಪರಿಷತ್ತಿಗೆ ಕೊಡುವ ದೂರಿನ ಜೊತೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಕೇಳುವುದು ರೂಢಿ. ಕಳಿಸುವ ಮೊದಲು ಎಷ್ಟು ಪ್ರತಿ ಬೇಕು ಅಂತ ಫೋನ್ ಮಾಡಿ ಕೇಳಿ.

ವಕೀಲರಿಗೆ ದುಡ್ಡಿಲ್ಲ ಅನ್ನುವವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯ 12ನೇ ಕಲಂ ಇದು. ಸಹಾಯವಾಣಿ 15100.

ಹೆಜ್ಜೆ 8: ಕಾಯುವುದು

ಪರಿಷತ್ತಿಗೆ ಕೊಟ್ಟ ದೂರಿನ ಮೇಲೆ ಆರು ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ ನಿಯಮಾವಳಿಯಲ್ಲಿದೆ. ಅಷ್ಟರಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಎರಡು ತಿಂಗಳಿಗೊಮ್ಮೆ ಒಂದು ಪತ್ರ ಹಾಕುತ್ತಿರಿ. ಕರೆದ ದಿನ ತಪ್ಪದೆ ಹೋಗಿ. ಎದುರು ಕೂತವರೂ ವೈದ್ಯರೇ, ತಮ್ಮವರ ಪರ ಇರುತ್ತಾರೆ ಅನ್ನುವ ಭಯ ಸಹಜ. ಕಾಗದ ಗಟ್ಟಿ ಇದ್ದರೆ ಆ ಭಯ ಕಡಿಮೆ ಆಗುತ್ತದೆ.

ಇಲ್ಲಿ ಒಂದು ಕೊರತೆ ಇದೆ, ಅದನ್ನು ಹೇಳಲೇಬೇಕು. ರಾಜ್ಯ ಪರಿಷತ್ತಿನ ಕ್ರಮ ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಆಯೋಗದ ನೀತಿ ಮಂಡಳಿಗೆ ಮೇಲ್ಮನವಿ ಹೋಗಬಹುದು ಅಂತ 2019ರ ವೈದ್ಯಕೀಯ ಆಯೋಗದ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಆದರೆ ಅದು ಹೇಳುವುದು ವೈದ್ಯರ ಬಗ್ಗೆ. ರೋಗಿಯ ಹೆಸರೇ ಅಲ್ಲಿಲ್ಲ. ದೂರು ಕೊಟ್ಟವರಿಗೂ ವೈದ್ಯರಿಗೂ ಸಮಾನ ದಾರಿ ಇರಬೇಕು. ಈ ತಿದ್ದುಪಡಿ ಆಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ರೋಗಿಯ ಕಡೆಯವರಿಗೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ.

ಇಷ್ಟೆಲ್ಲ ಆಗುವ ಮೊದಲೇ, ಕ್ಲಾಸಿನಲ್ಲಿ

ಕಾನೂನು, ಪರಿಷತ್ತು ಎಲ್ಲವೂ ತಪ್ಪು ಆದ ಮೇಲೆ ಬರುವಂಥವು. ತಪ್ಪು ಆಗುವ ಮೊದಲೇ ಕೆಲಸ ಮಾಡುವುದು ಪಾಠ. ಹಿಂದೆ ನೀತಿಪಾಠ ಅಂದರೆ ಫೊರೆನ್ಸಿಕ್ ಪುಸ್ತಕದ ಒಂದು ಅಧ್ಯಾಯ. ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕೆಲವೇ ಕಾಲೇಜುಗಳು ಅದನ್ನು ಪ್ರತ್ಯೇಕವಾಗಿ ಕಲಿಸುತ್ತಿದ್ದವು. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಹಿಡಿದು ದೇಶದ ಎಲ್ಲ ಕಾಲೇಜಿನಲ್ಲೂ ಏಟ್‌ಕಾಮ್ ಅನ್ನುವ ಪಾಠ ಕಡ್ಡಾಯವಾಗಿದೆ. ಮನೋಭಾವ, ನೀತಿ, ಸಂವಹನ, ಈ ಮೂರರ ಪಾಠ ಅದು. ಮೊದಲ ವರ್ಷದಲ್ಲೇ ಡಾಕ್ಟರಾಗುವುದು ಅಂದರೆ ಏನು, ರೋಗಿಯಾಗುವುದು ಅಂದರೆ ಏನು ಅನ್ನುವ ಚರ್ಚೆ ಇರುತ್ತದೆ. ಕೊಯ್ದು ಕಲಿಯುವ ದೇಹವೇ ನಮ್ಮ ಮೊದಲ ಗುರು ಅನ್ನುವುದೂ ಒಂದು ಪಾಠ. ಓದು ಮುಗಿದ ಮೇಲೂ ಐದು ವರ್ಷದಲ್ಲಿ ಕನಿಷ್ಠ 30 ಗಂಟೆ ಕಲಿಕೆ ಮುಂದುವರಿಸಬೇಕು ಅಂತ ನಿಯಮ ಇದೆ.

ನಮ್ಮಕ್ಕನ ಮಗಳು ಈಗ ಎಂಬಿಬಿಎಸ್ ಎರಡನೇ ವರ್ಷ. ರಜೆಗೆ ಬಂದಾಗ ದೊಡ್ಡಮ್ಮನ ಫೈಲು ನೋಡಿದಳು. ಆ ಖಾಲಿ ಒಪ್ಪಿಗೆ ಪತ್ರ ಅವಳ ಕಣ್ಣಿಗೆ ಬಿತ್ತು. ಏಟ್‌ಕಾಮ್ ಕ್ಲಾಸಿನಲ್ಲಿ ಚರ್ಚೆಗೆ ಇದನ್ನು ತಗೊಂಡು ಹೋಗಲಾ ಅಂತ ನನ್ನನ್ನು ಕೇಳಿದಳು. ನನ್ನನ್ನಲ್ಲ, ಅವರನ್ನು ಕೇಳು ಅಂದೆ.

ಅಡುಗೆಮನೆಯಲ್ಲಿ ದೊಡ್ಡಮ್ಮ ಅವರೆಕಾಳು ಬಿಡಿಸುತ್ತಿದ್ದರು. ಅವಳು ಪಕ್ಕದಲ್ಲಿ ಕೂತಳು. ಅಜ್ಜಿಯ ಹೆಸರು, ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಎಲ್ಲ ಕಪ್ಪು ಶಾಯಿಯಿಂದ ಅಳಿಸುತ್ತೇನೆ ಅಂದಳು. ಇಷ್ಟು ಜನ ನೋಡುತ್ತಾರೆ, ಇದಕ್ಕೆ ಬಳಸುತ್ತಾರೆ, ಬೇಡ ಅಂದರೆ ಇಲ್ಲಿಗೇ ಬಿಡುತ್ತೇನೆ ಅಂತೆಲ್ಲ ಹೇಳತೊಡಗಿದಳು. ದೊಡ್ಡಮ್ಮ ಅರ್ಧಕ್ಕೇ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದರು.

"ಎಲ್ಲಿ ಹಾಕ್ಲಿ ಸಹಿ, ಹೇಳು."

"ತಡಿ ಅಜ್ಜಿ, ಇನ್ನೂ ಮುಗ್ದಿಲ್ಲ. ಮೊದ್ಲು ಪೂರ್ತಿ ಕೇಳಿಸ್ಕೋ."